ಬೆನ್ನುಹುರಿಗೆ ಪೆಟ್ಟಾದವರು ಕಿಡ್ನಿ ಉಳಿಸಿಕೊಳ್ಳುವುದು ಹೇಗೆ?

ಅಡಿಕೆ ಮರದಿಂದ ಬಿದ್ದು, ಬೈಕ್ ಅಪಘಾತದಲ್ಲಿ, ಕಟ್ಟಡದ ಸಾರುವೆಯಿಂದ ಜಾರಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರ ಮನೆಗಳಲ್ಲಿ ಮೊದಲ ಒಂದೆರಡು ವರ್ಷ ಎಲ್ಲರ ಕಣ್ಣೂ ಕಾಲಿನ ಮೇಲೆಯೇ. ಬೆರಳು ಅಲ್ಲಾಡಿತೇ, ಎಣ್ಣೆ ತಿಕ್ಕಿದರೆ ಚುರುಕು ಬರುತ್ತದೆಯೇ, ಯಾವ ಊರಲ್ಲಿ ಒಳ್ಳೆಯ ನಾಟಿ ವೈದ್ಯರಿದ್ದಾರೆ ಎಂಬ ಮಾತೇ ಹೆಚ್ಚು. ಮೂತ್ರದ ವಿಷಯ "ಪೈಪ್ ಹಾಕಿದ್ದಾರೆ, ಹೋಗ್ತಾ ಇದೆ" ಎಂಬಲ್ಲಿಗೆ ಮುಗಿದುಬಿಡುತ್ತದೆ. ಪೆಟ್ಟಾಗಿ ಹತ್ತು ಹದಿನೈದು ವರ್ಷ ಕಳೆದ ಮೇಲೆ ಜೀವಕ್ಕೆ ಕುತ್ತು ಬರುವ ದಾರಿಗಳಲ್ಲಿ ಮುಖ್ಯವಾದದ್ದು ಇದೇ ಮೂತ್ರಕೋಶ. ಅದು ಹಾಳಾಗುವಾಗ ನೋವಿರುವುದಿಲ್ಲ, ಸದ್ದಿರುವುದಿಲ್ಲ. ಜೊತೆಗೆ ಕಿಡ್ನಿಯನ್ನೂ ಎಳೆದುಕೊಂಡು ಹೋಗುತ್ತದೆ.

ಇದು ತಪ್ಪಿಸಲಾಗದ ಹಣೆಬರಹ ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದವರೆಗೆ ಬೆನ್ನುಹುರಿ ಗಾಯಾಳುಗಳಲ್ಲಿ ಬಹುತೇಕರು ಹಾಸಿಗೆ ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕು, ಕಿಡ್ನಿ ವೈಫಲ್ಯದಿಂದಲೋ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಇವರಿಗೆಂದೇ ವಿಭಾಗ ತೆರೆದ ಮೇಲೆ ಚಿತ್ರ ಬದಲಾಗತೊಡಗಿತು. ಕೆಥೆಟರನ್ನು, ಅಂದರೆ ಮೂತ್ರ ತೆಗೆಯುವ ಪೈಪನ್ನು, ಒಳಗೇ ಬಿಡದೆ, ದಿನಕ್ಕೆ ಹಲವು ಸಲ ಹಾಕಿ ತೆಗೆಯುವ ಕ್ರಮದ ಫಲಿತಾಂಶವನ್ನು ಅವರು ಸಹೋದ್ಯೋಗಿ ಫ್ರಾಂಕೆಲ್ ಜೊತೆ 1966ರಲ್ಲಿ ಪ್ರಕಟಿಸಿದರು. 1972ರಲ್ಲಿ ಮಿಷಿಗನ್‌ನ ಜ್ಯಾಕ್ ಲ್ಯಾಪಿಡೆಸ್ ಮುಂದಿನ ಹೆಜ್ಜೆ ಇಟ್ಟರು: ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಡ, ಶುಚಿಯಾದ ಕೈ ಸಾಕು, ರೋಗಿಯೇ ಮನೆಯಲ್ಲಿ ಮಾಡಿಕೊಳ್ಳಬಹುದು. ನಮ್ಮ ಕಡೆ ವೆಲ್ಲೂರಿನ ಸಿಎಂಸಿಯಲ್ಲಿ ಪುನಶ್ಚೇತನ ವಿಭಾಗ ಕಟ್ಟಿದ ಡಾ. ಮೇರಿ ವರ್ಗೀಸ್ ಅವರಿಗೆ 1954ರ ಅಪಘಾತದಲ್ಲಿ ಬೆನ್ನುಹುರಿಗೇ ಪೆಟ್ಟಾಗಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ನಿಯಮಿತವಾಗಿ ತಪಾಸಣೆ ನಡೆಯುವ ಕಡೆ ಇಂದು ಕಿಡ್ನಿ ವೈಫಲ್ಯ ಈ ಜನರ ಸಾವಿಗೆ ಮೊದಲ ಕಾರಣವಾಗಿ ಉಳಿದಿಲ್ಲ.

ಮೊದಲು ಒತ್ತಡದ ವಿಷಯ ತಿಳಿದುಕೊಳ್ಳಿ

ಮೂತ್ರಕೋಶ ಎರಡು ಕೆಲಸ ಮಾಡಬೇಕು: ಒತ್ತಡ ಏರದಂತೆ ಮೂತ್ರ ಹಿಡಿದಿಡುವುದು, ಹೊತ್ತಿಗೆ ಪೂರ್ತಿ ಖಾಲಿಯಾಗುವುದು. ಕೋಶದ ಗೋಡೆ ಹಿಂಡುವಾಗ ಬಾಯಿಯ ಸ್ನಾಯು ಸಡಿಲವಾಗಬೇಕು. ಈ ಹೊಂದಾಣಿಕೆ ಮಾಡಿಸುವುದು ಮೆದುಳು. ಬೆನ್ನುಹುರಿಯ ನಡುವೆ ದಾರಿ ಕಡಿದುಹೋದರೆ ಗೋಡೆಯೂ ಹಿಂಡುತ್ತದೆ, ಬಾಯಿಯೂ ಬಿಗಿಯುತ್ತದೆ. ಒಳಗೆ ಒತ್ತಡ ಏರುತ್ತದೆ. ಕಿಡ್ನಿಯಿಂದ ಇಳಿದು ಬರುವ ಮೂತ್ರ ಆ ಒತ್ತಡದ ಎದುರು ಕೆಳಗಿಳಿಯಲಾರದೆ ಮೇಲೇ ನಿಲ್ಲುತ್ತದೆ. ಕೆಲವರಲ್ಲಿ ಕೋಶದ ಮೂತ್ರವೇ ಕಿಡ್ನಿಯ ಕಡೆಗೆ ಹಿಂದಕ್ಕೆ ಹರಿಯುತ್ತದೆ. ಅದರಲ್ಲಿ ರೋಗಾಣು ಇದ್ದರೆ ಅದೂ ಮೇಲೇರುತ್ತದೆ. ಕಿಡ್ನಿ ಊದಿಕೊಂಡು ತೆಳ್ಳಗಾಗುತ್ತದೆ.

ಸೊಂಟದ ಕೆಳಭಾಗದ ನರಗಳಿಗೇ ಏಟು ಬಿದ್ದವರಲ್ಲಿ ಸಾಮಾನ್ಯವಾಗಿ ಕೋಶ ಸೋತು ಜೋಲುತ್ತದೆ, ಹಿಂಡುವುದಿಲ್ಲ. ಅವರಲ್ಲಿ ಅಪಾಯ ಕಡಿಮೆ ಎಂದು ಕೆಲವರು ನಂಬಿದ್ದಾರೆ. ವರ್ಷಗಳು ಕಳೆದಂತೆ ಈ ಕೋಶವೂ ಗಟ್ಟಿಯಾಗಿ, ಹಿಗ್ಗುವ ಗುಣ ಕಳೆದುಕೊಳ್ಳಬಹುದು. ಅವರಿಗೂ ತಪಾಸಣೆ ಬೇಕೇಬೇಕು.

ಬಟ್ಟೆ ಒದ್ದೆಯಾಗುತ್ತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿಗೆ ಒಂದು ಮಾತು. ಸುಲಭವಾಗಿ ಸೋರುವ ಕೋಶದಲ್ಲಿ ಒತ್ತಡ ಹೆಚ್ಚು ಏರುವುದಿಲ್ಲ. ಬಾಯಿ ಭದ್ರವಾಗಿ ಮುಚ್ಚಿ, ಒಳಗೆ ಒತ್ತಡ ಕಟ್ಟಿಕೊಂಡಿರುವವರ ಕಿಡ್ನಿಗೇ ಹೆಚ್ಚು ಅಪಾಯ. 1981ರಲ್ಲಿ ಅಮೆರಿಕದ ಎಡ್ವರ್ಡ್ ಮೆಗ್ವಾಯರ್ ಮತ್ತು ಜೊತೆಗಾರರು ಹುಟ್ಟಿನಿಂದಲೇ ಬೆನ್ನುಹುರಿ ದೋಷವಿದ್ದ ಮಕ್ಕಳಲ್ಲಿ ಇದನ್ನು ತೋರಿಸಿದರು: ಮೂತ್ರ ಸೋರುವ ಹೊತ್ತಿಗೆ ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನಷ್ಟಕ್ಕಿಂತ ಮೇಲಿದ್ದವರಲ್ಲೇ ಕಿಡ್ನಿ ಕಡೆಯ ಹಾನಿ ಹೆಚ್ಚು. ಆ 40ರ ಗೆರೆಯನ್ನು ಯೂರಾಲಜಿ ವೈದ್ಯರು ಇಂದಿಗೂ ಎಚ್ಚರಿಕೆಯ ಗುರುತಾಗಿ ನೋಡುತ್ತಾರೆ.

ಹೆಜ್ಜೆ 1: ಯೂರೋಡೈನಮಿಕ್ ಪರೀಕ್ಷೆ ಮಾಡಿಸಿ

ಒತ್ತಡ ಹೊರಗಿನಿಂದ ಕಾಣದು, ಸ್ಕ್ಯಾನಿಂಗಿನಲ್ಲೂ ಕಾಣದು. ಅದನ್ನು ಅಳೆಯುವ ಪರೀಕ್ಷೆ ಯೂರೋಡೈನಮಿಕ್ಸ್. ಸಣ್ಣ ಕೆಥೆಟರ್ ಮೂಲಕ ಮೂತ್ರಕೋಶಕ್ಕೆ ನಿಧಾನವಾಗಿ ನೀರು ತುಂಬಿಸುತ್ತಾ, ಎಷ್ಟು ತುಂಬಿದಾಗ ಎಷ್ಟು ಒತ್ತಡ ಎಂದು ಯಂತ್ರ ಗೆರೆ ಎಳೆಯುತ್ತದೆ. ಪೆಟ್ಟಾದ ಹೊಸದರಲ್ಲಿ ನರಗಳು ಸ್ತಬ್ಧವಾಗಿರುವುದರಿಂದ ಕೆಲವು ತಿಂಗಳು ಬಿಟ್ಟು ಮಾಡುತ್ತಾರೆ. ಪೆಟ್ಟಾಗಿ ವರ್ಷಗಳಾಗಿದ್ದು ಒಮ್ಮೆಯೂ ಮಾಡಿಸಿಲ್ಲದಿದ್ದರೆ ಈ ವರ್ಷದ ಮೊದಲ ಕೆಲಸ ಇದಾಗಲಿ. ಒತ್ತಡ ಹೆಚ್ಚೆಂದು ಗೊತ್ತಾದವರು ಒಂದೆರಡು ವರ್ಷಕ್ಕೊಮ್ಮೆ, ಔಷಧ ಬದಲಾದಾಗ, ಅಥವಾ ಹೊಸದಾಗಿ ಸೋರಲು ಶುರುವಾದಾಗ ಮತ್ತೆ ಮಾಡಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ-ಯೂರಾಲಜಿ ಸಂಸ್ಥೆ ಸರ್ಕಾರದ್ದು. ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವಿದೆ. ಮಣಿಪಾಲ, ವೆಲ್ಲೂರುಗಳಲ್ಲಿ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಹೋಗುವ ಮುಂಚೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ; ಮೂತ್ರದ ಸೋಂಕು ಇರುವಾಗ ಈ ಪರೀಕ್ಷೆ ಮಾಡುವುದಿಲ್ಲ.

ಹೆಜ್ಜೆ 2: ಗಡಿಯಾರ ನೋಡಿ ಖಾಲಿ ಮಾಡಿ

ಕೈ ಚೆನ್ನಾಗಿ ಆಡುವವರಿಗೆ ದಿನಕ್ಕೆ ನಾಲ್ಕೈದು ಸಲ ಕೆಥೆಟರ್ ಹಾಕಿ ತೆಗೆಯುವ ಕ್ರಮವೇ ಮೊದಲ ಆಯ್ಕೆ. ಇದನ್ನು ಸಿಐಸಿ (ಕ್ಲೀನ್ ಇಂಟರ್ಮಿಟೆಂಟ್ ಕೆಥೆಟರೈಸೇಷನ್) ಎನ್ನುತ್ತಾರೆ. ಮೊದಲ ಸಲ ಆಸ್ಪತ್ರೆಯಲ್ಲಿ ನರ್ಸ್ ಎದುರಲ್ಲಿ ಕಲಿಯಿರಿ. ಮನೆಯಲ್ಲಿ ಮಾಡುವ ಬಗೆ ಹೀಗೆ:

ಕೈಯನ್ನು ಸೋಪಿನಿಂದ, ಉಗುರಿನ ಸಂದಿಯೂ ಸೇರಿ ತೊಳೆಯಿರಿ. ಮೂತ್ರದ್ವಾರದ ಸುತ್ತ ಸೋಪು, ನೀರಿನಿಂದ ಒರೆಸಿ. ಕೆಥೆಟರ್ ತುದಿಗೆ ಜೆಲ್ಲಿ ಹಚ್ಚಿ. ಗಂಡಸರು ಶಿಶ್ನವನ್ನು ಮೇಲಕ್ಕೆ ನೆಟ್ಟಗೆ ಹಿಡಿದು ನಿಧಾನವಾಗಿ ತೂರಿಸಬೇಕು. ಒಳಗೆ ಬಿಗಿ ಸಿಕ್ಕರೆ ಒತ್ತಬೇಡಿ, ಒಂದು ನಿಮಿಷ ತಡೆದು ಉಸಿರು ಬಿಡುತ್ತಾ ಮತ್ತೆ ಪ್ರಯತ್ನಿಸಿ. ಹೆಂಗಸರು ಮೊದಮೊದಲು ಸಣ್ಣ ಕನ್ನಡಿ ಇಟ್ಟುಕೊಂಡರೆ ಜಾಗ ಗುರುತು ಸಿಗುತ್ತದೆ. ಮೂತ್ರ ಬರತೊಡಗಿದ ಮೇಲೆ ಇನ್ನೂ ಎರಡು ಸೆಂಟಿಮೀಟರ್ ಒಳಗೆ ಸರಿಸಿ. ಹರಿವು ನಿಂತಾಗ ಸರ್ರನೆ ಎಳೆಯಬೇಡಿ. ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತನ್ನಿ. ಮತ್ತೆ ಹನಿ ಬಂದರೆ ಅಲ್ಲೇ ತಡೆದು ಪೂರ್ತಿ ಇಳಿಯಲು ಬಿಡಿ. ತಳದಲ್ಲಿ ಉಳಿದ ಮೂತ್ರವೇ ಸೋಂಕಿಗೂ ಕಲ್ಲಿಗೂ ಮನೆ.

ಒಂದು ಕೆಥೆಟರ್ ಒಂದೇ ಸಲಕ್ಕೆ ಬಳಸುವುದು ಉತ್ತಮ. ಆದರೆ ದಿನಕ್ಕೆ ಐದು ಕೆಥೆಟರ್ ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮನೆಗಳಿಗಿದೆ? ಮತ್ತೆ ಬಳಸುವವರು ತಕ್ಷಣ ಒಳಗೂ ಹೊರಗೂ ಸೋಪುನೀರಿನಿಂದ ತೊಳೆದು, ಶುದ್ಧ ನೀರು ಹಾಯಿಸಿ, ಪೂರ್ತಿ ಒಣಗಿಸಿ, ಮುಚ್ಚಳವಿರುವ ಒಣ ಡಬ್ಬಿಯಲ್ಲಿಡಿ. ಒದ್ದೆ ಕೆಥೆಟರ್‌ನಲ್ಲಿ ರೋಗಾಣು ಬೆಳೆಯುತ್ತದೆ. ಗಡುಸಾದದ್ದು, ಬಣ್ಣ ಕೆಟ್ಟದ್ದು, ತುದಿ ಒರಟಾದದ್ದನ್ನು ಎಸೆಯಿರಿ. ಒಬ್ಬರದ್ದನ್ನು ಇನ್ನೊಬ್ಬರು ಬಳಸಲೇಬಾರದು.

ಇದರ ಜೊತೆ ಅಳತೆ ಜಗ್ಗು ಮತ್ತು ನೋಟ್‌ಬುಕ್ ಬೇಕು. ಯಾವುದೇ ಒಂದು ಸಲಕ್ಕೆ 500 ಮಿಲಿಲೀಟರ್ ದಾಟಬಾರದು, 400ರ ಒಳಗಿದ್ದರೆ ಇನ್ನೂ ಒಳ್ಳೆಯದು. ಒಬ್ಬರ ಒಂದು ದಿನದ ಪುಟ ಹೀಗಿದೆ ಎಂದಿಟ್ಟುಕೊಳ್ಳಿ: ಬೆಳಿಗ್ಗೆ 6ಕ್ಕೆ 650, 10ಕ್ಕೆ 300, ಮಧ್ಯಾಹ್ನ 2ಕ್ಕೆ 350, ಸಂಜೆ 6ಕ್ಕೆ 280, ರಾತ್ರಿ 10ಕ್ಕೆ 320. ಒಟ್ಟು 1,900, ಕುಡಿಯುವುದು ಸರಿಯಾಗಿದೆ. ತೊಂದರೆ ಇರುವುದು ಬೆಳಗಿನ 650ರಲ್ಲಿ. ಹಗಲೆಲ್ಲ ಗಾಲಿಕುರ್ಚಿಯಲ್ಲಿ ಕೂತಾಗ ಕಾಲಿಗೆ ಇಳಿದ ನೀರು ರಾತ್ರಿ ಮಲಗಿದೊಡನೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹಾಗಾಗಿ ಸಂಜೆ ಒಂದು ಗಂಟೆ ಕಾಲು ಎತ್ತರಿಸಿ ಮಲಗಿ, ಆಮೇಲೆ ರಾತ್ರಿಯ ಸರದಿ ಮಾಡಿ. ಏಳು ಗಂಟೆಯ ನಂತರ ನೀರು ಕಡಿಮೆ ಮಾಡಿ. ಸಾರು, ಮಜ್ಜಿಗೆ, ಅಂಬಲಿ, ಚಹಾ ಎಲ್ಲವೂ ನೀರಿನ ಲೆಕ್ಕಕ್ಕೇ ಬರುತ್ತವೆ. ಇಷ್ಟಾದರೂ ಬೆಳಗಿನ ಅಳತೆ ಇಳಿಯದಿದ್ದರೆ ನಡುರಾತ್ರಿ ಒಮ್ಮೆ ಅಲಾರಂ ಇಟ್ಟು ಏಳುವುದೇ ದಾರಿ.

ಮದುವೆಮನೆ, ಬಸ್ ಪ್ರಯಾಣ ಎಂದು ಇಡೀ ದಿನ ನೀರು ಕುಡಿಯದೆ ಇರುವವರಿದ್ದಾರೆ, ಅದರಲ್ಲೂ ಹೆಂಗಸರು. ಗಾಲಿಕುರ್ಚಿ ಒಳಗೆ ಹೋಗುವ ಶೌಚಾಲಯ ಇಲ್ಲದ ಛತ್ರಗಳೇ ಹೆಚ್ಚಿರುವಾಗ ಅವರನ್ನು ದೂರುವುದು ನ್ಯಾಯವಲ್ಲ. ಒಂದು ಚೀಲದಲ್ಲಿ ಕೆಥೆಟರ್, ಜೆಲ್ಲಿ, ಒದ್ದೆ ಟಿಶ್ಯೂ, ಮೂತ್ರ ಹಿಡಿಯುವ ಬ್ಯಾಗ್, ಒಂದು ದುಪಟ್ಟಾ ಇಟ್ಟುಕೊಂಡರೆ ನಿಲ್ಲಿಸಿದ ಕಾರಿನಲ್ಲೋ ಒಂದು ಕೋಣೆಯಲ್ಲೋ ಕೆಲಸ ಮುಗಿಯುತ್ತದೆ.

ಹೊಟ್ಟೆಯ ಕೆಳಭಾಗ ಕೈಯಿಂದ ಒತ್ತಿ, ಇಲ್ಲವೇ ಮುಕ್ಕಿ ಮೂತ್ರ ತೆಗೆಯುವ ರೂಢಿ ಇದ್ದರೆ ಇಂದೇ ಬಿಡಿ. ಮುಚ್ಚಿದ ಬಾಯಿಯ ಮೇಲೆ ಒತ್ತಿದರೆ ಮೂತ್ರ ಕಿಡ್ನಿಯ ಕಡೆಗೇ ನುಗ್ಗಬಹುದು. ಶಿಶ್ನದ ಮೇಲೆ ತೊಡಿಸುವ ಕಾಂಡೋಮ್ ಕೆಥೆಟರ್ ಕಟ್ಟಿಕೊಂಡು "ತಾನಾಗಿ ಹೋಗುತ್ತೆ" ಎನ್ನುವ ಗಂಡಸರೂ ಒಳಗಿನ ಒತ್ತಡ ಅಳೆಸದೆ ಅದನ್ನೇ ನಂಬಿ ಕೂರಬಾರದು.

ಕಾಯಂ ಪೈಪ್ ಇರುವವರು

ಕೈ ಬೆರಳು ಆಡದವರಿಗೆ, ಸಹಾಯಕ್ಕೆ ಯಾರೂ ಇಲ್ಲದವರಿಗೆ ಒಳಗೇ ಬಿಡುವ ಫೋಲಿ ಕೆಥೆಟರ್ ಅನಿವಾರ್ಯವಾಗಬಹುದು. ದೀರ್ಘಕಾಲಕ್ಕಾದರೆ ಕಿಬ್ಬೊಟ್ಟೆಯಲ್ಲಿ ರಂಧ್ರ ಮಾಡಿ ಹಾಕುವ ಪೈಪ್ ಬಗ್ಗೆ ಕೇಳಿ. ಮೂತ್ರನಾಳ ಹರಿದು ಹುಣ್ಣಾಗುವುದು ತಪ್ಪುತ್ತದೆ, ಶುಚಿ ಮಾಡುವುದೂ ಸುಲಭ. ಸಾಮಾನ್ಯ ಲೇಟೆಕ್ಸ್ ಪೈಪನ್ನು ಮೂರು ನಾಲ್ಕು ವಾರಕ್ಕೊಮ್ಮೆ, ಪೂರ್ತಿ ಸಿಲಿಕೋನಿನದ್ದನ್ನು ಹೆಚ್ಚೆಂದರೆ ಮೂರು ತಿಂಗಳಿಗೆ ಬದಲಿಸಬೇಕು. ಬೇಗ ಕಟ್ಟಿಕೊಳ್ಳುವವರಿಗೆ ಇನ್ನೂ ಬೇಗ. ಬದಲಿಸುವವರಿಗೆ ಒಂದು ಮಾತು ನೆನಪಿಸಿ: ಮೂತ್ರ ಬಂದದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ, ಪೈಪ್ ಜಾರದಂತೆ ಒಳಗೆ ಹಿಡಿದಿಡುವ ಬಲೂನಿಗೆ ನೀರು ತುಂಬಬೇಕು. ಸ್ಪರ್ಶವಿಲ್ಲದವರಿಗೆ ಬಲೂನು ನಾಳದಲ್ಲೇ ಊದಿ ಹರಿದರೂ ನೋವು ಗೊತ್ತಾಗುವುದಿಲ್ಲ.

ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಬಹಳ ಕಡೆ ಇದೆ. ಬ್ಯಾಗಿನ ಮೂತ್ರ ಹಿಂದಕ್ಕೆ ಇಳಿಯುವುದು ಆಗಲೇ. ಮೂತ್ರಕೋಶಕ್ಕೆ "ಟ್ರೈನಿಂಗ್" ಎಂದು ಸ್ವಂತ ಬುದ್ಧಿಯಿಂದ ಪೈಪಿಗೆ ಕ್ಲಿಪ್ ಹಾಕಬೇಡಿ. ವರ್ಷಾನುಗಟ್ಟಲೆ ಪೈಪ್ ಇದ್ದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸಾಧ್ಯತೆ ಹೆಚ್ಚು, ಬೀಡಿ ಸಿಗರೇಟು ಸೇದಿದರೆ ಮತ್ತಷ್ಟು. ಮೂತ್ರದಲ್ಲಿ ರಕ್ತ ಕಂಡರೆ ಪೈಪ್ ಗೀರಿರಬೇಕು ಎಂದು ಸುಮ್ಮನಾಗದೆ ದುರ್ಬೀನು ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಹೆಜ್ಜೆ 3: ಒತ್ತಡ ಇಳಿಸುವ ಚಿಕಿತ್ಸೆ

ಸಿಐಸಿ ಸರಿಯಾಗಿ ಮಾಡಿಯೂ ಒತ್ತಡ ಇಳಿಯದಿದ್ದರೆ ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್, ಮಿರಾಬೆಗ್ರಾನ್‌ನಂಥ ಮಾತ್ರೆ ಕೊಡುತ್ತಾರೆ. ಮೊದಲೆರಡರಿಂದ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಮಲ ಕಟ್ಟಿದರೆ ಮೂತ್ರಕೋಶವೂ ಕೆಡುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕು. ಮಾತ್ರೆಗೆ ಬಗ್ಗದಿದ್ದರೆ ಮೂತ್ರಕೋಶದ ಗೋಡೆಗೆ ಸ್ನಾಯು ಸಡಿಲಿಸುವ ಬೋಟಾಕ್ಸ್ ಔಷಧ ಚುಚ್ಚುತ್ತಾರೆ. ಪರಿಣಾಮ ಕೆಲವು ತಿಂಗಳು ಇದ್ದು, ಮತ್ತೆ ಚುಚ್ಚಿಸಬೇಕಾಗುತ್ತದೆ. ಕೊನೆಯ ದಾರಿ ಕರುಳಿನ ತುಂಡು ಸೇರಿಸಿ ಕೋಶ ದೊಡ್ಡದು ಮಾಡುವ ಶಸ್ತ್ರಚಿಕಿತ್ಸೆ. ಸೋರುವುದು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ. ಅದನ್ನು ಕೊಟ್ಟದ್ದು ಕಿಡ್ನಿಗಾಗಿ.

ಹೆಜ್ಜೆ 4: ವರ್ಷಕ್ಕೊಮ್ಮೆ ಪರೀಕ್ಷೆ, ಕ್ರಿಯಾಟಿನಿನ್ ಮೋಸದ ಎಚ್ಚರ

ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಿಡ್ನಿ ಮತ್ತು ಮೂತ್ರಕೋಶದ ಅಲ್ಟ್ರಾಸೌಂಡ್ ಆಗಲೇಬೇಕು. ಊತ, ಕಲ್ಲು, ಕೋಶದ ಗೋಡೆಯ ದಪ್ಪ, ಖಾಲಿ ಮಾಡಿದ ಮೇಲೆ ಉಳಿದ ಮೂತ್ರ, ಇಷ್ಟೂ ವರದಿಯಲ್ಲಿರಲಿ. ಕೋಶ ತುಂಬಿದಾಗ ಕಿಡ್ನಿ ಸ್ವಲ್ಪ ಊದಿದಂತೆ ಕಂಡರೆ, ಖಾಲಿ ಮಾಡಿ ಮತ್ತೊಮ್ಮೆ ನೋಡಲು ಹೇಳಿ.

ರಕ್ತದ ಕ್ರಿಯಾಟಿನಿನ್ ವರದಿ ಬಂದಾಗ ಇಲ್ಲಿ ಬಹಳ ಜನ ಮೋಸಹೋಗುತ್ತಾರೆ, ಕೆಲವೊಮ್ಮೆ ವೈದ್ಯರೂ. ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಕಾಲಿನ ಸ್ನಾಯು ಕರಗಿದವರ ರಕ್ತದಲ್ಲಿ ಅದು ಸಹಜವಾಗಿಯೇ ಕಡಿಮೆ. ಪೆಟ್ಟಾದ ನಂತರ 0.5 ಇದ್ದವರಿಗೆ ಕೆಲವು ವರ್ಷದಲ್ಲಿ 1.0 ಬಂದರೆ ಲ್ಯಾಬ್ ಕಾಗದದಲ್ಲಿ ಅದು "ನಾರ್ಮಲ್". ಆದರೆ ಕ್ರಿಯಾಟಿನಿನ್ ಎರಡರಷ್ಟಾಯಿತು ಎಂದರೆ ಕಿಡ್ನಿಯ ಸೋಸುವ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿದೆ ಎಂದೇ ಅರ್ಥ. ಅದಕ್ಕೇ ಲ್ಯಾಬಿನವರು ಮುದ್ರಿಸಿದ ಮಿತಿಯ ಜೊತೆ ಹೋಲಿಸಬೇಡಿ, ನಿಮ್ಮದೇ ಹಳೆಯ ವರದಿಗಳ ಜೊತೆ ಹೋಲಿಸಿ. ಪ್ರತಿ ವರ್ಷದ ಅಂಕಿಯನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಿಡಿ. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಕೇಳಿ. ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಡಿಟಿಪಿಎ ಸ್ಕ್ಯಾನ್ ಮಾಡಿ ಎಡ ಬಲ ಕಿಡ್ನಿಗಳ ಶಕ್ತಿಯನ್ನು ಬೇರೆ ಬೇರೆಯಾಗಿ ಹೇಳುತ್ತಾರೆ.

ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದೂ ನೋಡಿಸಿ. ವರ್ಷಗಟ್ಟಲೆ ವಾಸಿಯಾಗದ ಹಾಸಿಗೆ ಹುಣ್ಣು ಇದ್ದರೆ ಅಮೈಲಾಯ್ಡ್ ಎಂಬ ವಸ್ತು ಕಿಡ್ನಿಯಲ್ಲಿ ಶೇಖರವಾಗಿ ಪ್ರೋಟೀನ್ ಸೋರತೊಡಗಬಹುದು. ಹುಣ್ಣು ವಾಸಿ ಮಾಡುವುದೂ ಕಿಡ್ನಿಯ ಚಿಕಿತ್ಸೆಯೇ.

ಹೆಜ್ಜೆ 5: ಸೋಂಕಿಗೆ ಯಾವಾಗ ಔಷಧ

ಕೆಥೆಟರ್ ಬಳಸುವವರ ಮೂತ್ರದಲ್ಲಿ ರೋಗಾಣು ಇರುವುದು ಮಾಮೂಲು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಪಾಸಿಟಿವ್ ಬಂತೆಂದು ಪ್ರತಿ ಸಲ ಆಂಟಿಬಯಾಟಿಕ್ ನುಂಗಿದರೆ, ನಿಜವಾಗಿ ಬೇಕಾದ ದಿನ ಯಾವ ಔಷಧವೂ ಹತ್ತುವುದಿಲ್ಲ. ಬಸುರಿಯರಿಗೆ ಮತ್ತು ಮೂತ್ರಾಂಗದ ಶಸ್ತ್ರಚಿಕಿತ್ಸೆಗೆ ಮುಂಚೆ ಮಾತ್ರ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಕೊಡುತ್ತಾರೆ.

ಚಿಕಿತ್ಸೆ ಬೇಕಾದ ಸೋಂಕು ಉರಿಯಿಂದ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಸ್ಪರ್ಶವೇ ಇಲ್ಲ. ಜ್ವರ, ಕಾಲುಗಳು ಎಂದಿಗಿಂತ ಹೆಚ್ಚು ಸೆಟೆಯುವುದು, ಸರದಿಗಳ ನಡುವೆ ಹೊಸದಾಗಿ ಸೋರುವುದು, ಕಾರಣವಿಲ್ಲದ ಸುಸ್ತು, ಇವನ್ನು ನೋಡಬೇಕು. ಚಳಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಪೈಪ್ ಇರುವವರು ಹಳೆಯದನ್ನು ತೆಗೆಸಿ, ಹೊಸ ಪೈಪಿನಿಂದ ಮಾದರಿ ಕೊಡಬೇಕು. ಬ್ಯಾಗಿನ ಮೂತ್ರ ಪರೀಕ್ಷೆಗೆ ಬರುವುದಿಲ್ಲ. ವರದಿಯಲ್ಲಿ ಪ್ರೋಟಿಯಸ್ ಎಂಬ ಹೆಸರು ಪದೇ ಪದೇ ಕಂಡರೆ ಕಲ್ಲು ಹುಡುಕಿಸಿ. ಈ ರೋಗಾಣು ಮೂತ್ರವನ್ನು ಕ್ಷಾರಗೊಳಿಸಿ ಕಲ್ಲು ಕಟ್ಟಿಸುತ್ತದೆ, ಅದು ಕಿಡ್ನಿಯ ಕವಲುಗಳನ್ನೆಲ್ಲ ತುಂಬಿ ಬೆಳೆಯಬಲ್ಲದು. ಇಂಥ ಕಲ್ಲು ಬಾಳೆದಿಂಡಿನ ರಸಕ್ಕೆ ಕರಗುವಂಥದ್ದಲ್ಲ, ತೆಗೆಸಲೇಬೇಕು.

ತಲೆ ಸಿಡಿಯುತ್ತಿದ್ದರೆ ತಕ್ಷಣ ಹೀಗೆ ಮಾಡಿ

ಪೆಟ್ಟಿನ ಮಟ್ಟ ಟಿ6 (ಬೆನ್ನುಹುರಿಯ ಎದೆ ಭಾಗದ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೆ ಈ ಭಾಗ ಮನೆಯವರೆಲ್ಲರಿಗೂ ಗೊತ್ತಿರಲಿ. ಮೂತ್ರಕೋಶ ಕಟ್ಟಿಕೊಂಡರೆ ಬಿಪಿ ಒಮ್ಮೆಲೇ ಏರುತ್ತದೆ, ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಹೆಸರು: ತಲೆ ಒಡೆಯುವ ನೋವು, ಮುಖ ಕೆಂಪಾಗುವುದು, ಕುತ್ತಿಗೆಯ ಮೇಲೆ ಬೆವರು. ಇವರ ಮಾಮೂಲು ಬಿಪಿಯ ಮೇಲಿನ ಅಂಕಿ 90ರಿಂದ 110ರೊಳಗೆ ಇರುವುದುಂಟು, ಹಾಗಾಗಿ 140 ಕೂಡ ಇವರಿಗೆ ಅಪಾಯದ ಸೂಚನೆ.

ತಕ್ಷಣ ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಬಿಡಿ. ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ಬೆಲ್ಟು, ಸೊಂಟದ ಪಟ್ಟಿ, ಶೂ ಸಡಿಲಿಸಿ. ಪೈಪ್ ಮಡಚಿದೆಯೇ, ಬ್ಯಾಗ್ ತುಂಬಿದೆಯೇ ನೋಡಿ. ಪೈಪ್ ಇಲ್ಲದವರಿಗೆ ಕೂಡಲೇ ಕೆಥೆಟರ್ ಹಾಕಿ ಮೂತ್ರ ತೆಗೆಯಿರಿ, ಕಟ್ಟಿದ ಪೈಪ್ ಇದ್ದರೆ ಬದಲಿಸಿ. ಅದರಿಂದ ಇಳಿಯದಿದ್ದರೆ ಮಲ ಕಟ್ಟಿದೆಯೇ, ಹುಣ್ಣು ಒತ್ತುತ್ತಿದೆಯೇ, ಉಗುರು ಒಳಸೇರಿದೆಯೇ ನೋಡಿ. ಐದು ನಿಮಿಷಕ್ಕೊಮ್ಮೆ ಬಿಪಿ ಅಳೆಯುತ್ತಿರಿ. ಕಾರಣ ಸಿಗದಿದ್ದರೆ, 150 ದಾಟಿದ್ದರೆ, ಕೂರಿಸಿಕೊಂಡೇ 108ರಲ್ಲಿ ಆಸ್ಪತ್ರೆಗೆ. "ಬೆನ್ನುಹುರಿ ಪೆಟ್ಟು, ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ" ಎಂದು ಬರೆದ ಚೀಟಿ ಜೇಬಿನಲ್ಲಿರಲಿ.

ಮೆಡಿಕಲ್ ಶಾಪಿನ ಮಾತ್ರೆ, ಹಿತ್ತಲಿನ ಔಷಧ

ವರ್ಷಗಟ್ಟಲೆ ಗಾಲಿಕುರ್ಚಿ ತಳ್ಳಿದವರಿಗೆ ಭುಜ ನೋವು ಬಾರದೇ ಇರುವುದು ಅಪರೂಪ. ಅದಕ್ಕೆ ದಿನಾ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದು ಕಿಡ್ನಿಗೆ ನೇರ ಪೆಟ್ಟು. ಪ್ಯಾರಾಸಿಟಮಾಲ್, ಕಾವು, ಕುರ್ಚಿಯ ಎತ್ತರ ಸರಿಪಡಿಸುವುದು, ಇವನ್ನು ಮೊದಲು ನೋಡಿ. ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್ ಅಥವಾ ಡೈ ಹಾಕುವ ಸಿಟಿ ಸ್ಕ್ಯಾನ್ ಎಂದಾಗ ನಿಮ್ಮ ಕಿಡ್ನಿಯ ಸ್ಥಿತಿ ಹೇಳಿ, ಕ್ರಿಯಾಟಿನಿನ್ ನಂಬಬೇಡಿ ಎಂದೂ ಹೇಳಿ.

ಸೆಟೆತಕ್ಕೆ ಕೊಡುವ ಬ್ಯಾಕ್ಲೋಫೆನ್, ನರದ ಉರಿಗೆ ಕೊಡುವ ಗ್ಯಾಬಾಪೆಂಟಿನ್ ಮತ್ತು ಪ್ರಿಗಾಬಾಲಿನ್ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಕಿಡ್ನಿ ಸೋತಾಗ ಅದೇ ಹಳೆಯ ಡೋಸ್ ವಿಷವಾಗುತ್ತದೆ. ಮಂಪರು, ತಡವರಿಸುವ ಮಾತು, ಗೊಂದಲ ಕಂಡರೆ ಕೂಡಲೇ ವೈದ್ಯರ ಬಳಿ ಹೋಗಿ. ಬ್ಯಾಕ್ಲೋಫೆನ್ ಅನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅದರ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟುತ್ತದೆ. ಕರಾವಳಿಯ ಹಿತ್ತಲಲ್ಲೂ ಅದೇ ಮರ ಇದೆ. ಧಾರೆಹುಳಿ ಹಣ್ಣು ಕಿಡ್ನಿ ಸೋತವರಿಗೆ ಪೂರಾ ನಿಷಿದ್ಧ, ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೆ ಹೋಗಬಹುದು.

ಕಿಡ್ನಿ ಆಗಲೇ ಸೋತಿದ್ದರೆ

ಊತ ಮಾತ್ರ ಇದ್ದು ಹಾನಿ ಮುಂದುವರಿಯದಿದ್ದರೆ, ಒತ್ತಡ ಇಳಿಸಿದೊಡನೆ ಎಷ್ಟೋ ಜನರ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಮುಂದುವರಿದಿದ್ದರೆ ಆಹಾರದಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ: ಹಾಸಿಗೆ ಹುಣ್ಣು ಮಾಯಲು ಪ್ರೋಟೀನ್ ಹೆಚ್ಚು ಬೇಕು, ಕಿಡ್ನಿಗೆ ಕಡಿಮೆ ಬೇಕು. ಪಕ್ಕದವರ ಮಾತು ಕೇಳಿ ಮೊಟ್ಟೆ, ಬೇಳೆ ಬಿಡಬೇಡಿ. ಎರಡನ್ನೂ ತೂಗಿ ಹೇಳಬಲ್ಲ ಡಯೆಟಿಷಿಯನ್ ಹತ್ತಿರ ಹೋಗಿ. ರಕ್ತದಲ್ಲಿ ಪೊಟ್ಯಾಷಿಯಂ ಏರಿದವರಿಗೆ ಎಳನೀರು ಒಳ್ಳೆಯದಲ್ಲ.

ಡಯಾಲಿಸಿಸ್ ಹತ್ತಿರವಾಗುತ್ತಿದೆ ಎಂದರೆ ಕೈಯ ರಕ್ತನಾಳಗಳನ್ನು ಉಳಿಸಿಕೊಳ್ಳಿ. ಕುರ್ಚಿ ತಳ್ಳಲು, ಹಾಸಿಗೆಯಿಂದ ಎತ್ತಿಕೊಂಡು ಸರಿಯಲು ಇರುವುದು ಈ ಕೈಗಳೇ. ಹೆಚ್ಚು ಬಳಸದ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಿಸಿ, ಆ ಕೈಯಿಂದ ರಕ್ತ ತೆಗೆಯಲು ಈಗಿನಿಂದಲೇ ಬಿಡಬೇಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಿಪಿಎಲ್ ಕುಟುಂಬಗಳಿಗೆ ಡಯಾಲಿಸಿಸ್ ಉಚಿತ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್ ಸಾಧ್ಯವೇ ಎಂದೂ ಕೇಳಿ. ಬೆನ್ನುಹುರಿ ಪೆಟ್ಟಾದವರಿಗೂ ಕಿಡ್ನಿ ಕಸಿ ಮಾಡುತ್ತಾರೆ, ಆದರೆ ಮೊದಲು ಮೂತ್ರಕೋಶದ ಒತ್ತಡವನ್ನು ಹತೋಟಿಗೆ ತಂದಿರಬೇಕು; ಇಲ್ಲದಿದ್ದರೆ ಹೊಸ ಕಿಡ್ನಿಯೂ ಅದೇ ದಾರಿ ಹಿಡಿಯುತ್ತದೆ.